ಗೋಡೆಯ ಮೇಲಿನ ಬಾಯಿ

ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಎರ್ಗಶ್‌ಗೆ ಕಾಣುತ್ತಿದ್ದದ್ದು ಅಣ್ಣನ ಬಾಯಿ. ಅಣ್ಣ ಜಾಸುರ್ ದೂರದ ತೆರ್ಮೆಜ್ ಗಡಿಯಲ್ಲಿ ಬಂದೂಕು ಹಿಡಿದು ನಿಂತಿದ್ದರೂ ಬಾಯನ್ನು ಮಾತ್ರ ಕೋಕಂದಿನ ಈ ಮನೆಯಲ್ಲೇ ಬಿಟ್ಟುಹೋಗಿದ್ದ. ಮಡಚಿಟ್ಟ ರಜಾಯಿಗಳ ಅಟ್ಟಿ, ಅದರ ಮೇಲೆ ಗೋಡೆ, ಗೋಡೆಯಲ್ಲೊಂದು ಮೊಳೆ, ಮೊಳೆಗೆ ಕೆಂಪು ದಾರದಲ್ಲಿ ನೇತಾಡುವ ದುಂಡು ರೊಟ್ಟಿ, ರೊಟ್ಟಿಯ ಅಂಚಿನಲ್ಲಿ ಒಂದೇ ಒಂದು ಕಚ್ಚು. ಸೈನ್ಯಕ್ಕೆ ಹೊರಟ ದಿನ ಹೊಸ್ತಿಲ ಮೇಲೆ ನಿಂತು ಕಚ್ಚಿದ್ದು ಅದು. ಹೊರಟವನು ಕಚ್ಚಿಟ್ಟ ರೊಟ್ಟಿಯಲ್ಲಿ ಅವನ ಪಾಲು ಉಳಿದಿರುತ್ತದೆ, ಆ ಪಾಲು ಅವನನ್ನು ಮನೆಗೆ ಎಳೆದು ತರುತ್ತದೆ, ಅವನೇ ಬಂದು ಇಳಿಸಿ ತಿನ್ನುವವರೆಗೆ ಇನ್ನೊಬ್ಬರು ಅದಕ್ಕೆ ಕೈ ಹಚ್ಚಬಾರದು. ಮೊಹಲ್ಲಾದಲ್ಲಿ ಇಂಥ ರೊಟ್ಟಿ ಇಲ್ಲದ ಮನೆಯೇ ಕಡಿಮೆ. ಎರ್ಗಶ್ ಹಾಸಿಗೆಯಲ್ಲಿ ಅಂಗಾತ ಮಲಗಿ ಆ ಕಚ್ಚನ್ನೇ ನೋಡುತ್ತಿದ್ದ. ಎಷ್ಟು ಮರ್ಯಾದಸ್ಥ ಕಚ್ಚು! ಎಂಟನೇ ದಿನದ ಚಂದ್ರನ ಹಾಗೆ ಅರ್ಧ ದುಂಡಗೆ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಒಂದರ ಪಕ್ಕ ಒಂದು ಹಲ್ಲಿನ ಗುರುತು. ಯಾರೋ ಮೊಬೈಲಿನಲ್ಲಿ ಫೋಟೋ ಹಿಡಿದಿದ್ದರಂತೆ, ಅದಕ್ಕೇ ಇರಬೇಕು, ಬಾಯಿ ಅಷ್ಟೇ ತೆರೆದಿದ್ದಾನೆ, ನಗು ಕೆಡದ ಹಾಗೆ. ಚಳಿಗಾಲ ಪೂರ್ತಿ ನೋಡಿ ನೋಡಿ ಆ ಕಚ್ಚು ಎರ್ಗಶ್‌ಗೆ ಕಣ್ಣು ಮುಚ್ಚಿಕೊಂಡು ಬರೆಯುವಷ್ಟು ಪಾಠವಾಗಿತ್ತು.

ಅಮ್ಮ ಬಂದಳು, ಹೆಗಲ ಮೇಲಿನ ಬಟ್ಟೆಯ ತುದಿಯಿಂದ ರೊಟ್ಟಿಯ ಸುತ್ತಲಿನ ಗೋಡೆಯ ಧೂಳು ಒರೆಸಿದಳು, ರೊಟ್ಟಿಗೆ ಬಟ್ಟೆ ತಾಗದ ಹಾಗೆ. ಒರೆಸುತ್ತಾ, ಚೆನ್ನಾಗಿ ನಿದ್ದೆ ಮಾಡಿದೆಯಾ ಮಗನೇ, ಅಲ್ಲಿ ಬಿಸಿಲು ಜಾಸ್ತಿಯಂತಲ್ಲ ಎಂದು ರೊಟ್ಟಿಯನ್ನೇ ವಿಚಾರಿಸಿಕೊಂಡಳು. ಆಮೇಲೆ ಎರ್ಗಶ್ ಕಡೆ ತಿರುಗಿ, "ಎದ್ಯಾ? ಚಹಾ ಇದೆ" ಎಂದು ಹೊರಗೆ ಹೋದಳು. ಅಷ್ಟೇ. ಒಣಗಿ ಹೆಂಚಿನಂತಾದ ಹಿಟ್ಟಿಗೆ ಇಷ್ಟು ಮಾತು, ಮೈಯಲ್ಲಿ ರಕ್ತ ಹರಿಯುತ್ತಿರುವವನಿಗೆ ಅಷ್ಟೇ. ಟೀವಿಯಲ್ಲಿ ಮಧ್ಯಾಹ್ನ ಬರುವ ಇಂಡಿಯಾದ ಸಿನಿಮಾಗಳಲ್ಲಿ ಜೈಲಿನಿಂದ ಹೊರಬಂದವನಿಗೆ ಒಂದು ಗತ್ತು ಇರುತ್ತದೆ. ಗೇಟು ಕಿರ್ರೆನ್ನುತ್ತದೆ, ಗಾಳಿ ಬೀಸುತ್ತದೆ, ಹೀರೋನ ಕೂದಲು ಹಾರುತ್ತದೆ, ತಾಯಿ ಸೆರಗು ಜಾರಿದರೂ ಲೆಕ್ಕಿಸದೆ ಓಡಿ ಬರುತ್ತಾಳೆ, ಹಿಂದಿನಿಂದ ಪಿಟೀಲು. ಹುಡುಗರ ಜೈಲಿನ ಗೇಟು ಎರ್ಗಶ್‌ಗೆ ತೆರೆದಾಗ ಗಾಳಿಯೇನೋ ಬೀಸಿತ್ತು. ಆದರೆ ತಲೆ ಬೋಳು, ಹಾರುವುದಕ್ಕೆ ಏನೂ ಇರಲಿಲ್ಲ. ಒಂದು ನಾಯಿ ಮೂಸಿ ನೋಡಿ ಹೋಯಿತು. ಅಮ್ಮ ಓಡಿ ಬರಲಿಲ್ಲ, ಬಸ್ಸಿನ ಟಿಕೇಟುಗಳನ್ನು ಕೈಯಲ್ಲಿ ಮಡಚುತ್ತಾ ನಿಂತಿದ್ದಳು. ದಾರಿಯುದ್ದಕ್ಕೂ ಅವಳು ಹೇಳಿದ್ದು ಒಂದೇ ಮಾತು, ಟೋಪಿ ಹಾಕಿಕೋ ಎಂದು. ಚಳಿಗೆ ಹೇಳಿದಳೋ, ಬಸ್ಸಿನ ಜನಕ್ಕೆ ಹೇಳಿದಳೋ, ಅವನಿಗೆ ಇನ್ನೂ ಗೊತ್ತಾಗಿಲ್ಲ.

ಮನೆಗೆ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಎದುರಿಗೆ ಅಣ್ಣನ ಬಾಯಿ. ಎರ್ಗಶ್ ಮೊದಲು ಆ ಗೋಡೆಯನ್ನೆಲ್ಲ ಹುಡುಕಿದ, ಆಮೇಲೆ ಪಕ್ಕದ ಗೋಡೆ, ಆಮೇಲೆ ಅಡುಗೆಮನೆ. ಇನ್ನೊಂದು ಮೊಳೆ ಇರಲಿಲ್ಲ. ಇರುವುದಾದರೂ ಹೇಗೆ? ಅವನನ್ನು ಕರೆದುಕೊಂಡು ಹೋಗುವಾಗ ಡೋಲು ಬಾರಿಸಲಿಲ್ಲ, ಮೊಹಲ್ಲಾದ ಹಿರಿಯರು ಕೈಯೆತ್ತಿ ಹರಸಲಿಲ್ಲ. ಮೊಬೈಲ್ ಅಂಗಡಿಗೆ ನುಗ್ಗಿದ ಮೂವರಲ್ಲಿ ಇಬ್ಬರು ತಾಷ್ಕೆಂಟಿನ ಕಡೆ ಓಡಿದರು. ಇವನಿಗೆ ಹಸಿವಾಗಿತ್ತು, ಮನೆಗೆ ಬಂದು ಊಟಕ್ಕೆ ಕೂತ. ರೊಟ್ಟಿಯ ಮೊದಲ ತುತ್ತು ಬಾಯಲ್ಲಿರುವಾಗಲೇ ಪೊಲೀಸರು ಬಂದರು. ಅಗಿಯಲೋ ನುಂಗಲೋ ಉಗಿಯಲೋ ತಿಳಿಯದೆ ಕೆನ್ನೆಯಲ್ಲಿ ಇಟ್ಟುಕೊಂಡೇ ಜೀಪು ಹತ್ತಿದ್ದ. ಹಾಗಾದರೆ ಅವನೂ ಕಚ್ಚಿ ಹೋದವನೇ ಅಲ್ಲವೆ? ಕಚ್ಚಿದ್ದು ಕಚ್ಚಿದ್ದೇ. ಉಳಿದ ರೊಟ್ಟಿ ಎಲ್ಲಿ ಹೋಯಿತು? ಈ ಪ್ರಶ್ನೆ ಚಳಿಗಾಲವೆಲ್ಲ ನಾಲಿಗೆಯ ತುದಿಯವರೆಗೆ ಬಂದು, ಅಲ್ಲಿ ಅರ್ಧ ಮುರಿದ ಮುಂದಿನ ಹಲ್ಲಿಗೆ ತಾಗಿ, ಹಿಂದೆ ಹೋಗುತ್ತಿತ್ತು. ಹಲ್ಲು ಮುರಿದದ್ದು ಒಳಗಿದ್ದಾಗ. ಅದನ್ನೂ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಚಳಿಗಾಲ ಕಳೆದ ಒಂದು ಬೆಳಿಗ್ಗೆ ಅಣ್ಣ ಫೋನ್ ಮಾಡಿದ. ಗುರುವಾರ ರೈಲಿಗೆ ಬರುತ್ತಾನೆ, ಬಿಡುಗಡೆಯ ಕಾಗದ ಸಿಕ್ಕಿತು ಎಂದು. ಅಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು, ಅತ್ತು ನಕ್ಕಳು, ನಗುತ್ತಲೇ ಅಕ್ಕಪಕ್ಕದವರಿಗೆ ಹೇಳಲು ಓಡಿದಳು. ಬಿಡುಗಡೆ ಎಂಬ ಮಾತು ಅಣ್ಣನಿಗೂ ಅದೇ, ತಮ್ಮನಿಗೂ ಅದೇ, ಆದರೆ ಒಂದಕ್ಕೆ ಅಮ್ಮ ಚಪ್ಪಲಿ ಹಾಕದೆ ಓಡುತ್ತಾಳೆ ಎಂದು ಎರ್ಗಶ್‌ಗೆ ಅನ್ನಿಸಿತು. ಮನೆಯಲ್ಲಿ ಅವನೂ ಬಾಯಿಯೂ ಇಬ್ಬರೇ. ಅವನು ರಜಾಯಿಗಳ ಅಟ್ಟಿಯ ಮೇಲೆ ಮೊಣಕಾಲೂರಿ ಹತ್ತಿದ. ಹತ್ತಿರದಿಂದ ನೋಡೋಣ, ಅಷ್ಟೇ ಅಂದುಕೊಂಡ. ದಾರವನ್ನು ಮೊಳೆಯಿಂದ ತೆಗೆದು ರೊಟ್ಟಿಯನ್ನು ಮುಖದ ಮುಂದೆ ಹಿಡಿದ. ವಾಸನೆ ಇರಲಿಲ್ಲ, ಸುಣ್ಣದ ಹಾಗೆ ತಣ್ಣಗಿತ್ತು. ನೀನೇನು ದೊಡ್ಡ ಹೀರೋನಾ ಎಂದ, ಜೋರಾಗಿಯೇ. ರೊಟ್ಟಿ ಅಣ್ಣನ ಹಾಗೇ ಸುಮ್ಮನಿತ್ತು, ಜಗಳಕ್ಕೆ ಬಂದವರ ಮುಂದೆ ಅಣ್ಣ ಸುಮ್ಮನಿರುತ್ತಾನಲ್ಲ, ಹಾಗೆ. ಮುಂದೆ ನಡೆದದ್ದನ್ನು ಅವನು ಮಾಡಿದ ಅನ್ನುವುದಕ್ಕಿಂತ ಅವನ ಬಾಯಿ ಮಾಡಿತು ಅನ್ನಬೇಕು. ಅಣ್ಣನ ಕಚ್ಚಿಗೆ ಸರಿಯಾಗಿ ಎದುರಿನ ಅಂಚಿನಲ್ಲಿ ದವಡೆ ನೋಯುವಷ್ಟು ಅಗಲ ಬಾಯಿ ತೆರೆದು ಅವನು ರೊಟ್ಟಿಯನ್ನು ಕಚ್ಚಿದ. ಕಟಕ್ ಎಂದು ತುಂಡು ಮುರಿದು ಬಾಯೊಳಗೆ ಬಂತು. ಕಲ್ಲು ಚೂರಿನಂಥದ್ದನ್ನು ಆ ಕೆನ್ನೆಗೊಮ್ಮೆ ಈ ಕೆನ್ನೆಗೊಮ್ಮೆ ಹೊರಳಿಸುತ್ತಾ ನಿಂತ. ಅದು ಮೆಲ್ಲಗೆ ನೆನೆಯಿತು, ಸಿಹಿಯಾಯಿತು. ಒಂದು ಕ್ಷಣ ಅವನಿಗೆ ಎಷ್ಟು ಸುಖವಾಯಿತೆಂದರೆ ಅಮ್ಮ ಮೊಬೈಲನ್ನು ಹಿಡಿದಂತೆ ಅವನ ಮುಖವನ್ನೇ ಎರಡೂ ಕೈಯಲ್ಲಿ ಹಿಡಿದ ಹಾಗೆ. ನುಂಗಿದ ಮೇಲೆ ಭಯ ಬಂತು.

ಅಣ್ಣನ ಪಾಲನ್ನು ತಾನು ತಿಂದಾಗಿದೆ. ಮೊಳೆ ಬೋಳಾಗಿದೆ. ಹೊರಗೆ ಅಮ್ಮನ ದನಿ ಯಾರದೋ ಮನೆಯ ಬಾಗಿಲಿನಿಂದ ಇನ್ಯಾರದೋ ಮನೆಯ ಬಾಗಿಲಿಗೆ ಹೋಗುತ್ತಿತ್ತು. ರೊಟ್ಟಿಯನ್ನು ಬಿಸಾಡುವಂತಿಲ್ಲ. ಕಳ್ಳನಾಗಬಹುದು, ರೊಟ್ಟಿ ಬಿಸಾಡಿದವನಾಗಲು ಸಾಧ್ಯವಿಲ್ಲ. ಜೈಲಿನಿಂದ ಬರುವಾಗ ತೊಟ್ಟಿದ್ದ, ಆಮೇಲೆ ಯಾರೂ ಮುಟ್ಟದ ತನ್ನ ದಪ್ಪ ಜಾಕೀಟಿನೊಳಗೆ ಅದನ್ನು ಸುತ್ತಿ ರಜಾಯಿಗಳ ಅಟ್ಟಿಯ ಹಿಂದೆ ತುರುಕಿದ. ಅಮ್ಮ ಬಂದು ನೋಡುವ ಮೊದಲೇ, ಇಲಿ ಓಡಾಡುತ್ತಿದೆ, ಅಣ್ಣನ ರೊಟ್ಟಿಯನ್ನು ಡಬ್ಬದಲ್ಲಿ ಭದ್ರವಾಗಿಟ್ಟಿದ್ದೇನೆ, ನಾಳೆ ಪಾಷಾಣ ಇಟ್ಟಮೇಲೆ ಮತ್ತೆ ಹಾಕುತ್ತೇನೆ ಎಂದು ಹೇಳಿದ. ಅಮ್ಮ ಬರಿಯ ಮೊಳೆಯನ್ನು ನೋಡಿದಳು, ಅವನನ್ನು ನೋಡಿದಳು. ನಾಳೆ ನೀನು ಹಾಕಬೇಡ, ನನ್ನ ಕೈಗೆ ಕೊಡು ಎಂದಳು. ಅವನಿಗೆ ಸಂಕಟದ ನಡುವೆಯೂ ಹೊಟ್ಟೆ ಉರಿಯಿತು. ಮುಟ್ಟಲೂ ಯೋಗ್ಯತೆ ಇಲ್ಲವೆ?

ಅವನು ಕೆಲಸಕ್ಕಿದ್ದ ಸಿದ್ದಿಕ್ ಉಸ್ತಾದನ ರೊಟ್ಟಿ ಭಟ್ಟಿಗೆ ಹೋಗಲು ಹತ್ತಿರದ ದಾರಿ ಹಾಶಿಮ್ ತಾತನ ಓಣಿ. ಎರ್ಗಶ್ ಆ ದಾರಿಯಲ್ಲಿ ಹೋಗುವುದಿಲ್ಲ, ಕಾಲುವೆಯ ಪಕ್ಕ ಸುತ್ತಿಕೊಂಡು ಹೋಗುತ್ತಾನೆ. ಹಾಶಿಮ್ ತಾತ ತನ್ನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿರುತ್ತಾನೆ. ನುಗ್ಗಿದ ರಾತ್ರಿ ಮೊಬೈಲ್ ಅಂಗಡಿಯ ಕಾವಲಿಗೆ ಅವನಿರುತ್ತಾನೆಂದು ಹುಡುಗರಿಗೆ ಗೊತ್ತಿರಲಿಲ್ಲ. ಕತ್ತಲಲ್ಲಿ ಯಾರೋ ಅಡ್ಡ ಬಂದರು, ಎರ್ಗಶ್ ತಳ್ಳಿದ, ಅಷ್ಟೇ. ಮುದುಕ ಬೀಳುವಾಗ, ಅಯ್ಯೋ ನಮ್ಮ ಹುಡುಗನಾ ಎಂದಿದ್ದ. ಸೊಂಟದ ಮೂಳೆಗಿಂತ ಆ ಮಾತು ಮುರಿದ ಸದ್ದು ಅವನಿಗೆ ಹೆಚ್ಚು ನೆನಪಿದೆ. ಕಾಲುವೆಯ ನೀರು ಏಪ್ರಿಕಾಟ್ ಹೂವಿನ ಎಸಳುಗಳನ್ನು ಹೊತ್ತು ಹರಿಯುತ್ತಿತ್ತು. ಜಾಸುರ್ ಹುಟ್ಟಿದ್ದು ಇಂಥದೇ ಹೂವಿನ ಕಾಲದಲ್ಲಂತೆ, ಮಗುವಿನ ಮೇಲೆ ಎಸಳು ಬಿತ್ತಂತೆ. ತಾನು ಹುಟ್ಟಿದಾಗ ಏನು ಬಿತ್ತು ಎಂದು ಅವನು ಚಿಕ್ಕವನಿದ್ದಾಗ ಕೇಳಿದ್ದ. ಕರೆಂಟು ಹೋಗಿತ್ತು ಎಂದಿದ್ದಳು ಅಮ್ಮ.

ಉಸ್ತಾದ್ ಅವನನ್ನು ಕೆಲಸಕ್ಕಿಟ್ಟುಕೊಂಡದ್ದು ಅಮ್ಮನ ಮುಖ ನೋಡಿ. ಷರತ್ತು ಒಂದೇ: ಇನ್ನೊಂದು ದೂರು ಬಂದರೆ ಬಾಗಿಲಿಂದ ಆಚೆ. ಗಿರಾಕಿಗಳ ಕಣ್ಣಿಗೆ ಬೀಳದ ಹಾಗೆ ಒಲೆಯ ಬುಡದಲ್ಲೇ ಕೆಲಸ. ಆದರೆ ಕೆಲಸ ಅವನಿಗೆ ಒಗ್ಗಿತ್ತು. ತೋಳಿಗೆ ದಪ್ಪ ಬಟ್ಟೆ ಸುತ್ತಿಕೊಂಡು, ಕೆಂಡದ ಬಾಯೊಳಗೆ ಸೊಂಟದ ತನಕ ಬಗ್ಗಿ, ಹಸಿ ರೊಟ್ಟಿಯನ್ನು ತಂದೂರಿನ ಒಳಗೋಡೆಗೆ ಪಟ್ಟೆಂದು ಬಡಿಯುವಾಗ ಮನಸ್ಸು ಖಾಲಿಯಾಗುತ್ತದೆ. ಜೊತೆಗಾರ ಕೋದಿರ್ ಹಿಟ್ಟು ನಾದುತ್ತಾನೆ, ಸಿನಿಮಾ ಮಾತಾಡುತ್ತಾನೆ. ಇಂಡಿಯಾದ ಸಿನಿಮಾ ನೋಡಿ ನೋಡಿ ಅವನಿಗೆ ಬದುಕಿನಲ್ಲಿ ಎಲ್ಲವೂ ಇಂಟರ್ವಲ್‌ಗೆ ಮುಂಚೆ, ಇಲ್ಲವೆ ಇಂಟರ್ವಲ್ ಆದಮೇಲೆ.

"ಏನ್ ಹೀರೋ, ಮುಖ ಯಾಕೆ ಕ್ಲೈಮ್ಯಾಕ್ಸ್ ತರ ಇದೆ?" ಎಂದ ಕೋದಿರ್. "ಅಣ್ಣ ಬರ್ತಿದ್ದಾನಂತೆ. ಖುಷಿಯಾಗಿರ್ಬೇಕಪ್ಪ ನೀನು. ಎರಡು ಹೀರೋ ಸಿನಿಮಾ ಇನ್ಮೇಲೆ ನಿಮ್ಮನೇಲಿ."

"ಒಬ್ಬನೇ ಹೀರೋ," ಎಂದ ಎರ್ಗಶ್. "ನಂದು ಗೆಸ್ಟ್ ರೋಲು."

ಮಧ್ಯಾಹ್ನದ ಒಬ್ಬೆ ಮುಗಿದು ಉಸ್ತಾದ್ ನಮಾಜಿಗೆ ಹೋದ, ಕೋದಿರ್ ಹಿಟ್ಟಿನ ಮೂಟೆಗೆ ಒರಗಿ ಗೊರಕೆ ಹೊಡೆದ. ಎರ್ಗಶ್ ಎದ್ದ. ಅಣ್ಣನ ರೊಟ್ಟಿಯ ಗಾತ್ರದ್ದೇ ಉಂಡೆ ತಟ್ಟಿದ, ಅಂಚನ್ನು ಅಷ್ಟೇ ದಪ್ಪ ಬಿಟ್ಟ, ನಡುವಿಗೆ ಅಚ್ಚು ಒತ್ತಿದ. ಉಸ್ತಾದನ ಕಣ್ಮಣಿ ಆ ಅಚ್ಚು, ಎಂಟೆಸಳಿನ ಹೂವಿನ ಹಾಗೆ ಮೊಳೆ ಕೂರಿಸಿದ್ದು, ಮರದ ಹಿಡಿ ಇನ್ನೂ ಹೊಸ ವಾರ್ನಿಷ್ ನಾರುತ್ತದೆ. ಅದನ್ನು ಒತ್ತಲು ಎರ್ಗಶ್‌ಗೆ ಯೋಚನೆಯೇ ಬೇಕಿರಲಿಲ್ಲ, ಕೈಗೆ ಗೊತ್ತಿದ್ದ ಕೆಲಸ. ಅವನ ತಲೆಯಲ್ಲಿದ್ದದ್ದು ಕಚ್ಚು. ರೊಟ್ಟಿ ಬೆಂದು ಬಂತು, ಆರಿತು, ಅವನು ಬಾಯಿ ತೆರೆದು ಅಣ್ಣನಾಗಲು ನೋಡಿದ. ಆಗಲಿಲ್ಲ. ಅರ್ಧ ಹಲ್ಲು ಕಚ್ಚಿನ ನಡುವೆ ಒಂದು ಗೂಟ ಬಿಟ್ಟಿತು. ಯಾರು ನೋಡಿದರೂ ಜೈಲಿನ ಬಾಯಿ ಎನ್ನಬೇಕು. ಕೆಟ್ಟ ರೊಟ್ಟಿಯನ್ನು ಎಸೆಯುವಂತಿಲ್ಲ, ಪೂರ್ತಿ ತಿಂದ. ಇನ್ನೊಂದು ಬೇಯಿಸಿ ಪಕ್ಕದ ಹಲ್ಲಿನಲ್ಲಿ ಕಚ್ಚಿದ. ಅದು ಕತ್ತೆ ಕಚ್ಚಿದ ಹಾಗಾಯಿತು, ಅದನ್ನೂ ತಿಂದ. ಮತ್ತೊಂದು ತೀರಾ ದೊಡ್ಡದಾಯಿತು. ಎಷ್ಟು ಮೆಲ್ಲಗೆ ಕಚ್ಚಿದರೂ ಕೊನೆಗೆ ದವಡೆ ದುರಾಸೆಗೆ ಬೀಳುತ್ತಿತ್ತು. ಅಣ್ಣನಿಗೆ ಹೇಗೆ ಸಾಧ್ಯವಾಯಿತು? ಇನ್ನೂ ಸಿಗುತ್ತದೆ ಎಂದು ಗೊತ್ತಿದ್ದವನು ಮಾತ್ರ ಇಷ್ಟು ಕಡಿಮೆ ಕಚ್ಚುತ್ತಾನೆ ಎಂದು ಅವನಿಗೆ ಹೊಳೆಯಿತು, ಹೊಳೆದದ್ದೇ ಕಣ್ಣಲ್ಲಿ ನೀರು ಬಂತು. ಹೊಟ್ಟೆಯೂ ಬಿರಿಯುವ ಹಾಗಿತ್ತು. ಕೊನೆಯದಕ್ಕೆ ಅವನು ಕಣ್ಣು ಮುಚ್ಚಿ, ಹೊಸ್ತಿಲ ಮೇಲೆ ನಿಂತಂತೆ ಭಾವಿಸಿಕೊಂಡ. ಎದುರಿಗೆ ಮೊಹಲ್ಲಾದ ಜನ, ಡೋಲು, ಅಮ್ಮ, ಮೊಬೈಲ್ ಹಿಡಿದ ಕೈಗಳು. ತುಟಿಯಂಚಿನಲ್ಲಿ ನಗು ತಂದುಕೊಂಡು, ಪಕ್ಕದ ಹಲ್ಲಿನಿಂದ ಹಕ್ಕಿಯ ಹಾಗೆ ಕಚ್ಚಿದ. ಬಾಯಿಂದ ತೆಗೆದು ನೋಡಿದರೆ ಅಣ್ಣನ ಬಾಯಿ! ಚಂದ್ರ, ಸಾಲು, ಮರ್ಯಾದೆ ಎಲ್ಲಾ ಇತ್ತು. ಅದನ್ನು ಚಹಾದ ನೀರಿನಲ್ಲಿ ಸವರಿ, ಆರುತ್ತಿದ್ದ ಒಲೆಯ ಗೋಡೆಗೆ ಮತ್ತೆ ಒರಗಿಸಿ ಹೆಂಚಾಗುವ ತನಕ ಒಣಗಿಸಿ, ಮೇಲೆ ಒಂದಿಷ್ಟು ಬೂದಿ ಊದಿದ. ಎಚ್ಚರಗೊಂಡ ಕೋದಿರ್ ಒಂದು ಕಣ್ಣು ತೆರೆದು, ಯಾರಿಗೆ ಆ ಕರಕಲು ಎಂದು ಕೇಳಿದ. ನಾಯಿಗೆ ಎಂದ ಎರ್ಗಶ್. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಮಾರನೆಯ ಬೆಳಿಗ್ಗೆ ಕೆಂಪು ದಾರ ಪೋಣಿಸಿ, ಡಬ್ಬದಿಂದ ತೆಗೆದವನ ಹಾಗೆ ಅದನ್ನು ಅಮ್ಮನ ಕೈಗೆ ಕೊಟ್ಟ. ಅಮ್ಮ ಅದನ್ನು ಅಂಗೈ ಮೇಲಿಟ್ಟುಕೊಂಡು ಸ್ವಲ್ಪ ಹೆಚ್ಚು ಹೊತ್ತೇ ನಿಂತಳು. ಆಮೇಲೆ ಮೊಳೆಗೆ ಹಾಕಿದಳು. ಆದರೆ ಅಂದಿನಿಂದ ಗೋಡೆ ಒರೆಸುವಾಗ ಅವಳು ರೊಟ್ಟಿಯ ಜೊತೆ ಮಾತಾಡಲಿಲ್ಲ. ಮಗ ಬರುತ್ತಿದ್ದಾನಲ್ಲ, ಇನ್ನು ರೊಟ್ಟಿಯ ಜೊತೆ ಮಾತೇಕೆ ಎಂದುಕೊಂಡ ಎರ್ಗಶ್. ಅವನಿಗೆ ಅದು ಗೆಲುವಿನ ಹಾಗೆಯೂ ಕಂಡಿತು. ಅಂಗಾತ ಮಲಗಿದರೆ ಈಗ ಗೋಡೆಯ ಮೇಲೆ ಕಾಣುವುದು ತನ್ನದೇ ಬಾಯಿ, ಅಣ್ಣನ ವೇಷ ಹಾಕಿಕೊಂಡ ತನ್ನ ಬಾಯಿ.

ಗುರುವಾರ ರೈಲು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಅಂಗಳದಲ್ಲಿ ಹಾಶಿಮ್ ತಾತನ ಹೆಂಡತಿ ಸಬೋಹತ್ ಚಿಕ್ಕಮ್ಮ ಕೊಟ್ಟ ದೊಡ್ಡ ಕಡಾಯಿಯಲ್ಲಿ ಪಲಾವ್ ಆಗಿ, ಆರಿ, ಮತ್ತೆ ಬಿಸಿಯಾಗಿತ್ತು. ಅವಳ ಮನೆಯವನ ಸೊಂಟ ಮುರಿದ ಹುಡುಗನ ಮನೆಗೆ ಅವಳು ಕಡಾಯಿ ಕೊಡುವುದನ್ನು ನಿಲ್ಲಿಸಿರಲಿಲ್ಲ, ಆ ಹುಡುಗನ ಜೊತೆ ಮಾತಾಡುವುದನ್ನು ಮಾತ್ರ ನಿಲ್ಲಿಸಿದ್ದಳು. ಹಿರಿಯರು ಒಳಗೆ ಸಾಲಾಗಿ ಕೂತು ಹಸಿರು ಚಹಾ ಕುಡಿಯುತ್ತಾ ದಾರಿ ಕಾಯುತ್ತಿದ್ದರು. ಫೋನು ಹತ್ತುತ್ತಿಲ್ಲ ಎಂದು ಯಾರೋ ಅಂದರು. ದಾರಿಯಲ್ಲಿ ಏನೋ ಆಗಿದೆಯಂತೆ ಎಂದು ಇನ್ನಾರೋ. ನೀರು ಸೇದುತ್ತಿದ್ದ ಎರ್ಗಶ್‌ನ ಕೈ ಹಗ್ಗದ ಮೇಲೇ ನಿಂತಿತು. ನಾನು ತಿಂದೆ. ಅವನನ್ನು ಎಳೆದು ತರಬೇಕಾದ ಪಾಲನ್ನು ನಾನು ತಿಂದೆ. ಗೋಡೆಯ ಮೇಲಿರುವುದು ಸುಳ್ಳು, ಸುಳ್ಳು ಯಾರನ್ನು ಎಳೆಯುತ್ತದೆ? ಅವನ ಕಣ್ಣ ಮುಂದೆ ಪಕ್ಕಕ್ಕೆ ಮಗುಚಿದ ಬೋಗಿಗಳು, ಮರಳು, ಅಣ್ಣನ ಟೋಪಿ. ಎಲ್ಲಕ್ಕಿಂತ ಹೆಚ್ಚು ಅವನನ್ನು ಹೆದರಿಸಿದ್ದು ಅದರ ಹಿಂದೆಯೇ ಬಂದ ಇನ್ನೊಂದು ಚಿತ್ರ: ಅಮ್ಮನಿಗೆ ಒಬ್ಬನೇ ಮಗ, ಆ ಒಬ್ಬನ ಮುಖವನ್ನು ಅಮ್ಮ ಎರಡೂ ಕೈಯಲ್ಲಿ ಹಿಡಿದು ಅಳುತ್ತಿದ್ದಾಳೆ. ಅದು ಎಷ್ಟು ಚೆನ್ನಾಗಿತ್ತು! ಅವನು ಕೊಡದಲ್ಲಿದ್ದ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡ. ಬಿಸಿಲಾ ಅಂತ ಯಾರೋ ಕೇಳಿದರು. ಹೂಂ ಎಂದ.

ಬಿಸಿಲು ಇಳಿಯುವ ಹೊತ್ತಿಗೆ ಓಣಿಯ ತುದಿಯಲ್ಲಿ ಮಕ್ಕಳು ಕೂಗಿಕೊಂಡರು. ಜಾಸುರ್ ಬಂದ. ಕಪ್ಪಗಾಗಿದ್ದ, ಕೊರಳು ಸಣ್ಣಗಾಗಿತ್ತು, ಗಾಳಿಯೂ ಬೀಸಿತು. ಅವನದೂ ಬೋಳು ತಲೆಯೇ. ಆದರೂ ಏನೋ ಹಾರಿದ ಹಾಗೆ ಕಂಡಿತು, ಹೀರೋಗಳಿಗೆ ಕೂದಲೂ ಬೇಕಾಗಿಲ್ಲ. ಅಮ್ಮ ಓಡಿದಳು. ಎರ್ಗಶ್‌ಗೆ ಮೊದಲು ಜೀವ ಬಂತು. ಮರುಕ್ಷಣವೇ ಅದರ ಬೆನ್ನಿಗೆ ಹಳೆಯ ಉರಿಯೂ ಬಂತು. ಅಣ್ಣ ಎಲ್ಲರನ್ನೂ ದಾಟಿ ಬಂದು ಅವನ ತಲೆ ಹಿಡಿದು ಎದೆಗೆ ಒತ್ತಿಕೊಂಡ. ಎದೆ ಬೆವರು, ರೈಲು, ಬೂಟಿನ ಪಾಲಿಶ್ ನಾರುತ್ತಿತ್ತು. ಜೈಲಿನ ಸಾಲು ಹಾಸಿಗೆಗಳ ವಾಸನೆಯಂಥದೇ. "ಎತ್ತರ ಆಗಿದ್ದೀಯಲ್ಲೋ" ಎಂದ ಅಣ್ಣ. ಇದನ್ನು ಇಷ್ಟು ದಿನದಲ್ಲಿ ಬೇರೆ ಯಾರೂ ಗಮನಿಸಿರಲಿಲ್ಲ. ಗಮನಿಸುವ ಪುಣ್ಯವೂ ಅವನಿಗೇ ಹೋಯಿತು.

ಎಲ್ಲರೂ ಒಳಗೆ ಕೂತರು. ಹಿರಿಯರ ಸಾಲಿನಲ್ಲಿ ಸಿದ್ದಿಕ್ ಉಸ್ತಾದನೂ ಇದ್ದ. ಜಾಸುರ್ ರಜಾಯಿಗಳ ಅಟ್ಟಿಯ ಬಳಿ ಹೋಗಿ ಕೈ ಚಾಚಿ ರೊಟ್ಟಿಯನ್ನು ಇಳಿಸಿದ. ಕಚ್ಚನ್ನು ನೋಡಿ ನಕ್ಕ. ಬಾಗಿಲ ಬಳಿ ಕೆಟಲ್ ಹಿಡಿದು ನಿಂತಿದ್ದ ಎರ್ಗಶ್ ಉಸಿರು ಬಿಟ್ಟ. ಆಗ ಜಾಸುರ್ ರೊಟ್ಟಿಯ ಮೇಲಿನ ಬೂದಿಯನ್ನು ಹೆಬ್ಬೆರಳಿನಿಂದ ಒರೆಸಿದ. ಬೆರಳು ನಡುವಿಗೆ ಬಂದು ನಿಂತಿತು. ಎಂಟೆಸಳಿನ ಹೂವು. ಊರುಬಿಟ್ಟ ದಿನ ಅವನು ಕಚ್ಚಿದ್ದ ರೊಟ್ಟಿಯಲ್ಲಿ ಇದ್ದದ್ದು ಉಸ್ತಾದನ ಹಳೆಯ ಅಚ್ಚಿನ ಗುರುತು, ಒಂದರೊಳಗೊಂದು ಎರಡು ಉಂಗುರ, ಹೊರಗಿನದರಲ್ಲಿ ಮೊಳೆ ಉದುರಿ ಒಂದು ಕಡೆ ಬಾಯಿ ಬಿಟ್ಟದ್ದು. ಮೊಹಲ್ಲಾದ ಮಕ್ಕಳೆಲ್ಲ ಆ ಉಂಗುರ ನೋಡಿಯೇ ರೊಟ್ಟಿ ತಿಂದು ಬೆಳೆದವರು. ಅಚ್ಚು ಮುರಿದು ಹೂವಿನದು ಬಂದದ್ದು ಹೋದ ಶರತ್ಕಾಲದಲ್ಲಿ, ಜಾಸುರ್ ಗಡಿಯಲ್ಲಿದ್ದಾಗ, ಎರ್ಗಶ್ ಇನ್ನೂ ಒಳಗಿದ್ದಾಗ. ಕೆಲಸಕ್ಕೆ ಸೇರಿದ ದಿನದಿಂದ ಎರ್ಗಶ್‌ನ ಕೈಗೆ ಗೊತ್ತಿದ್ದದ್ದು ಹೂವೊಂದೇ. ಇಡೀ ಚಳಿಗಾಲ ಕಣ್ಣೆದುರಿಗೇ ಉಂಗುರಗಳಿದ್ದವು, ಅವನು ನೋಡಿರಲಿಲ್ಲ. ಅವನು ನೋಡಿದ್ದು ಕಚ್ಚನ್ನು ಮಾತ್ರ.

ಜಾಸುರ್ ತಲೆ ಎತ್ತಿದ. ನೇರವಾಗಿ ತಮ್ಮನನ್ನು ನೋಡಿದ. ಸಾಲಿನಲ್ಲಿ ಕೂತಿದ್ದ ಉಸ್ತಾದ್ ಕತ್ತು ಮುಂದೆ ಚಾಚಿ ತನ್ನದೇ ಹೂವನ್ನು ಗುರುತು ಹಿಡಿದ. ಅವನ ಕಣ್ಣೂ ಬಾಗಿಲ ಕಡೆ ಬಂತು. ಎರ್ಗಶ್‌ಗೆ ಕೆಟಲ್ಲಿನ ಹಿಡಿ ಸುಡುತ್ತಿತ್ತು, ಬದಲಿಸಲು ಇನ್ನೊಂದು ಕೈ ಎಲ್ಲಿದೆ ಎಂದು ನೆನಪಾಗಲಿಲ್ಲ. ಇನ್ನೊಂದು ದೂರು ಬಂದರೆ ಬಾಗಿಲಿಂದ ಆಚೆ. ಆಚೆ ಅಂದರೆ ಮತ್ತೆಲ್ಲಿಗೆ? ಜಾಸುರ್ ಕೂತ. ಬಿಸ್ಮಿಲ್ಲಾ ಎಂದು ರೊಟ್ಟಿಯನ್ನು ಮುರಿದು, ಚಹಾದಲ್ಲಿ ಅದ್ದಿ, ಎರ್ಗಶ್ ಕಚ್ಚಿದ್ದ ಕಡೆಯಿಂದಲೇ ತಿನ್ನತೊಡಗಿದ. ಕಟಕಟ ಸದ್ದು ಎಲ್ಲರಿಗೂ ಕೇಳಿಸಿತು.

"ಹೆಂಗಿದೆ ಮಗಾ, ಕೆಟ್ಟಿಲ್ಲ ತಾನೆ?" ಎಂದ ಒಬ್ಬ ಹಿರಿಯ.

ಜಾಸುರ್‌ಗೆ ಬಾಯಲ್ಲಿದ್ದದ್ದನ್ನು ನುಂಗಲು ಹೊತ್ತಾಗುತ್ತಿತ್ತು. ಉಸ್ತಾದ್ ಗಡ್ಡ ನೀವಿಕೊಂಡು ಅವನ ಪರವಾಗಿ ಉತ್ತರ ಕೊಟ್ಟ. "ನನ್ನ ರೊಟ್ಟಿ ಕೆಡೋದುಂಟಾ? ವರ್ಷ ಆದ್ರೂ ನಿನ್ನೆ ಮೊನ್ನೆ ಸುಟ್ಟ ಹಾಗಿರುತ್ತೆ." ಎಲ್ಲರೂ ನಕ್ಕರು. ಉಸ್ತಾದ್ ನಗಲಿಲ್ಲ. ಎರ್ಗಶ್ ಚಹಾ ಬಗ್ಗಿಸಲು ಎದುರಿಗೆ ಬಂದಾಗ ಬಟ್ಟಲು ಒಡ್ಡಿ, ಅವನೊಬ್ಬನಿಗೇ ಕೇಳುವ ಹಾಗೆ, ನಾಳೆ ಬೇಗ ಬಾ, ಎಷ್ಟು ಹಿಟ್ಟು ಖಾಲಿ ಮಾಡಿದ್ದೀಯೋ ನೋಡಬೇಕು ಎಂದ. ನಾಳೆ ಬಾ ಎಂದನಲ್ಲ ಎಂಬುದು ಅವನಿಗೆ ಅರ್ಥವಾಗುವಷ್ಟರಲ್ಲಿ ಬಟ್ಟಲು ತುಂಬಿ ಚೆಲ್ಲಿತ್ತು.

ಕಡೆಯ ಹಿರಿಯನೂ ಕೈಯೆತ್ತಿ ಹರಸಿ ಹೋದ ಮೇಲೆ ಜಾಸುರ್ ಅಂಗಳಕ್ಕೆ ಬಂದ. ಬಟ್ಟಲು ತೊಳೆಯುತ್ತಿದ್ದ ತಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು, ಹಲ್ಲಿನ ಸಂದಿಯಿಂದ ಏನೋ ತೆಗೆಯುತ್ತಾ, "ಉಪ್ಪು ಕಮ್ಮಿ ಹಾಕಿದ್ದೆ" ಎಂದ. ಆಮೇಲೆ, ಸೈನ್ಯದಲ್ಲಿ ಮೊದಲನೇ ರಾತ್ರಿಯೇ ಯಾರೋ ಕದ್ದ ತನ್ನ ಬೂಟಿನ ಬಗ್ಗೆ, ನೆಲ ಒರೆಸಿದ್ದರ ಬಗ್ಗೆ, ಒಮ್ಮೆ ಹಸಿವಿಗೆ ಆ ಗೋಡೆಯ ರೊಟ್ಟಿಯನ್ನೇ ನೆನೆದು ಅತ್ತಿದ್ದರ ಬಗ್ಗೆ ನಗುತ್ತಾ ಹೇಳಿದ. ಬೈಯಲಿಲ್ಲ. ಯಾಕೆ ಮಾಡಿದೆ ಎಂದು ಕೇಳಲೂ ಇಲ್ಲ, ತಲೆಗೊಂದು ಮೊಟಕಿ ಮಲಗಲು ಹೋದ. ಎರ್ಗಶ್ ಅವನ ಬೆನ್ನನ್ನೇ ನೋಡಿದ. ಕ್ಷಮಿಸುವ ಪಾರ್ಟು ಕೂಡ ಅವನಿಗೇ. ತನಗೆ ಉಳಿದದ್ದು ಯಾವತ್ತೂ ಕ್ಷಮೆ ಪಡೆಯುವ ಪಾರ್ಟು, ಅದಕ್ಕೆ ಡೈಲಾಗೇ ಇರುವುದಿಲ್ಲ.

ಅಮ್ಮ ಒಳಗಿನಿಂದ ಬಂದಳು. ಅವಳ ಕೈಯಲ್ಲಿ ಎರಡು ಕಡೆ ಕಚ್ಚಿದ ಹಳೆಯ ರೊಟ್ಟಿ ಇತ್ತು. ನಡುವೆ ಬಾಯಿ ಬಿಟ್ಟ ಉಂಗುರಗಳು, ಒಂದು ಅಂಚಿಗೆ ಚಂದ್ರ, ಎದುರಿನ ಅಂಚಿಗೆ ಗೂಟ ಬಿಟ್ಟ ದೊಡ್ಡ ಹಳ್ಳ. ಇಲಿಯ ಮಾತು ಹೇಳಿದ ದಿನವೇ ಜಾಕೀಟು ಒಗೆಯೋಣ ಎಂದು ತೆಗೆದಾಗ ಸಿಕ್ಕಿತ್ತಂತೆ.

"ಹಲ್ಲು ಯಾವಾಗ ಮುರಿದಿದ್ದು?" ಎಂದಳು.

ಚಳಿಗಾಲದಿಂದ ನಾಲಿಗೆಯ ತುದಿಯಲ್ಲಿದ್ದದ್ದು ಹೊರಗೆ ಬಂತು. "ನನ್ ರೊಟ್ಟಿ ಎಲ್ಲಮ್ಮ? ಅವತ್ತು ನಾನೂ ಕಚ್ಚಿ ಹೋಗಿದ್ನಲ್ಲ."

ಅಮ್ಮ ಕಡಾಯಿಯ ಅಂಚಿನ ಮೇಲೆ ಕೈಯೂರಿ ನಿಂತಳು. ಅವಳು ಸುಳ್ಳು ಹುಡುಕುತ್ತಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಸಿಕ್ಕರೆ ಸಾಕಪ್ಪ ಎಂದೂ ಅನ್ನಿಸಿತು.

"ದಾರ ಪೋಣಿಸಿದ್ದೆ," ಎಂದಳು. "ಮೊಳೆ ಹೊಡೆಯೋಕೂ ಹೋಗಿದ್ದೆ. ಆಮೇಲೆ ಯೋಚ್ನೆ ಬಂತು. ಬಂದವ್ರು ಯಾರ್ದು ಅಂತ ಕೇಳ್ತಾರೆ. ಏನ್ ಹೇಳ್ಲಿ? ನಾಚಿಕೆ ಆಯ್ತು. ತಿಂದ್ಬಿಟ್ಟೆ. ಅಡುಗೆಮನೇಲಿ ನಿಂತ್ಕೊಂಡೇ, ಪೂರ್ತಿ. ಹಸಿವಿರ್ಲಿಲ್ಲ."

ಎರ್ಗಶ್ ತೊಳೆದ ಬಟ್ಟಲನ್ನೇ ಮತ್ತೆ ತೊಳೆದ. ಸಿಟ್ಟು ಬರುತ್ತದೆ ಎಂದು ಕಾದ. ಬಂದದ್ದು ಒಂದು ಚಿತ್ರ: ಬಾಗಿಲು ಹಾಕಿಕೊಂಡು, ಒಬ್ಬಳೇ, ಹಸಿವಿಲ್ಲದ ಬಾಯಿಗೆ ರೊಟ್ಟಿ ತುರುಕಿಕೊಳ್ಳುತ್ತಿರುವ ಅಮ್ಮ. ಭಟ್ಟಿಯಲ್ಲಿ ಕೆಟ್ಟ 'ಅಣ್ಣ'ಗಳನ್ನು ಒಂದೊಂದಾಗಿ ನುಂಗುತ್ತಿದ್ದ ತನ್ನ ಹಾಗೇ. ಅವನು ತಲೆ ಎತ್ತುವಷ್ಟರಲ್ಲಿ ಅವಳು ಅಲ್ಲಿರಲಿಲ್ಲ. ತೆರೆದ ಬಾಗಿಲಿನಿಂದ ಕಾಣುತ್ತಿತ್ತು, ರಜಾಯಿಗಳ ಅಟ್ಟಿಯ ಮೇಲೆ ಹತ್ತಿ, ಹಳೆಯ ರೊಟ್ಟಿಯನ್ನು ಅದೇ ಮೊಳೆಗೆ, ದೊಡ್ಡ ಹಳ್ಳ ಮುಂದಕ್ಕೆ ಬರುವ ಹಾಗೆ ತಿರುಗಿಸಿ ಹಾಕುತ್ತಿದ್ದಳು.

ಅಷ್ಟು ಹೊತ್ತಿಗೆ ಸಬೋಹತ್ ಚಿಕ್ಕಮ್ಮ ಕಡಾಯಿ ಕೇಳಿಕೊಂಡು ಬಂದಳು. ಎರ್ಗಶ್‌ನನ್ನು ನೋಡದೆ ಅಂಗಳ ದಾಟಿ ಹೊಸ್ತಿಲಲ್ಲಿ ನಿಂತಳು, ನಿಂತವಳ ಕಣ್ಣು ಗೋಡೆಗೆ ಹೋಯಿತು.

"ಇದ್ಯಾರ್ದೇ ಹೋಸಿಯತ್? ಮಕ್ಳು ಇಬ್ರೂ ಮನೇಲೇ ಇದ್ದಾರಲ್ಲ," ಎಂದು ಅಮ್ಮನನ್ನು ಕೇಳಿದಳು.

ಎರ್ಗಶ್ ಬಟ್ಟಲನ್ನು ನೀರಿನೊಳಗೇ ಹಿಡಿದುಕೊಂಡ. ಕೇಳಿದವಳು ಮೊಹಲ್ಲಾದ ಬೇರೆ ಯಾರಾದರೂ ಆಗಬಾರದಿತ್ತೆ?

"ಎರ್ಗಶ್‌ದು," ಎಂದಳು ಅಮ್ಮ. "ಅವನಿನ್ನೂ ಪೂರ್ತಿ ಬಂದಿಲ್ಲ."

ಸಬೋಹತ್ ಚಿಕ್ಕಮ್ಮ ರೊಟ್ಟಿಯನ್ನು ನೋಡಿದಳು, ಹಿಂದಕ್ಕೆ ತಿರುಗಿ ಅಂಗಳವನ್ನು ನೋಡಿದಳು. ಹೊರಗೆ ಬಂದು ಕಡಾಯಿಯ ಒಂದು ಕಿವಿ ಹಿಡಿದು ಎತ್ತಿ ನೋಡಿ, ಕೈಬಿಟ್ಟಳು. ಇದನ್ನು ಬೆಳಿಗ್ಗೆ ಇಬ್ಬರು ಹೊತ್ತು ತಂದಿದ್ದರು.

"ಏಯ್, ಒಲೆ ಹತ್ರ ಕೆಲಸ ಮಾಡೋನು ತಾನೆ ನೀನು," ಎಂದಳು, ಕಡಾಯಿಯನ್ನೇ ನೋಡುತ್ತಾ. "ಎತ್ಕೊಂಡ್ ಬಾ. ತಾತ ಬಾಗಿಲಲ್ಲೇ ಕೂತಿದ್ದಾನೆ, ಎಲ್ಲಿಡ್ಬೇಕು ಅಂತ ಅವನೇ ಹೇಳ್ತಾನೆ."

ಹೇಳಿ ಅವಳು ಮುಂದೆ ನಡೆದಳು. ಎರ್ಗಶ್ ಕಡಾಯಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡ. ಒಳಗೆ ಕತ್ತಲೆ, ಜೀರಿಗೆಯ ವಾಸನೆ, ತನ್ನದೇ ಉಸಿರಿನ ಸದ್ದು. ಅದರ ಅಂಚಿನಡಿಯಿಂದ ಒಮ್ಮೆ ತಿರುಗಿ ನೋಡಿದ. ಗೋಡೆಯ ಮೇಲೆ ಅವನ ಬಾಯಿ ಆರಾಮಾಗಿ ನೇತಾಡುತ್ತಿತ್ತು, ಪಕ್ಕದಲ್ಲಿ ಅಮ್ಮ ಅದಕ್ಕೆ ತಾಗದ ಹಾಗೆ ಗೋಡೆ ಒರೆಸುತ್ತಿದ್ದಳು, ಒರೆಸುತ್ತಾ ಏನೋ ಮಾತಾಡುತ್ತಿದ್ದಳು. ಅವನಿಗೆ ಹೊಟ್ಟೆ ಉರಿಯಿತು. ಆ ರೊಟ್ಟಿಗೇನು, ಅದು ಮನೆಯಲ್ಲೇ ಇರಬಹುದು. ಕಾಲುವೆಯ ಕಡೆ ತಿರುಗದೆ, ಹಾಶಿಮ್ ತಾತನ ಓಣಿಯಲ್ಲಿ ನಡೆದುಕೊಂಡು ಹೋಗಬೇಕಾದವನು ಇವನು.